ವಿಲ್, ದಾನಪತ್ರ, ಟ್ರಸ್ಟ್: ಸಹಿ ಹಾಕಿದ ಮೇಲೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಸಬ್ ರಿಜಿಸ್ಟ್ರಾರ್ ಕಚೇರಿಯ ಪುಟ್ಟ ಕ್ಯಾಮೆರಾದ ಮುಂದೆ ಕೂತು ಫೋಟೊ ತೆಗೆಸಿಕೊಂಡು, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಹೊರಗೆ ಬಂದ ಹಿರಿಯರೊಬ್ಬರು ಕೇಳಿದ್ದು ನನಗೆ ಇನ್ನೂ ನೆನಪಿದೆ: "ಮನೆ ಈಗ್ಲೂ ನಂದೇ ತಾನೆ?" ಆಗಷ್ಟೇ ಅವರು ಮಗನ ಹೆಸರಿಗೆ ದಾನಪತ್ರ ಮಾಡಿ ಮುಗಿಸಿದ್ದರು. ಜೊತೆಗಿದ್ದ ಪತ್ರ ಬರಹಗಾರರು ಅದಕ್ಕೆ ಉತ್ತರ ಕೊಡಲಿಲ್ಲ. "ಮೆಟ್ಟಿಲು ನೋಡ್ಕೊಂಡು ಇಳೀರಿ" ಅಂದರು.

ಆಸ್ತಿಯನ್ನು ಮುಂದಿನವರಿಗೆ ದಾಟಿಸುವ ವಿಷಯ ಬಂದಾಗ ಜನ ಮೊದಲು ಕೇಳುವುದು "ಯಾವುದರಲ್ಲಿ ತೆರಿಗೆ ಕಡಿಮೆ?" ಎಂದು. ಆ ಹಿರಿಯರ ಪ್ರಶ್ನೆಯನ್ನೇ ಸಹಿಗೆ ಮೊದಲು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಯಾವ ಪತ್ರ ಮಾಡಿದರೆ ನಾಳೆಯಿಂದ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ತೆರಿಗೆ ಆಮೇಲಿನ ಮಾತು.

ಯಾಕೆಂದರೆ ನಮ್ಮಲ್ಲಿ ಈಗ ಸತ್ತವರ ಆಸ್ತಿಯ ಮೇಲೆ ತೆರಿಗೆಯೇ ಇಲ್ಲ. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ ತೆಗೆದುಹಾಕಿದರು. 1958ರ ದಾನ ತೆರಿಗೆ 1998ರಲ್ಲಿ ಹೋಯಿತು, ಸಂಪತ್ತು ತೆರಿಗೆ 2015ರ ಬಜೆಟ್‌ನಲ್ಲಿ. "ಎಸ್ಟೇಟ್ ಡ್ಯೂಟಿ ವಾಪಸ್ ಬರುತ್ತೆ ಸಾರ್, ಈಗ್ಲೇ ಎಲ್ಲಾ ಟ್ರಸ್ಟ್‌ಗೆ ಹಾಕ್ಬಿಡಿ" ಎನ್ನುವವರು ಪ್ರತಿ ಬಜೆಟ್‌ಗೂ ಮುಂಚೆ ಹುಟ್ಟಿಕೊಳ್ಳುತ್ತಾರೆ. ಇಲ್ಲದ ತೆರಿಗೆಗೆ ಹೆದರಿ ಇರುವ ಮನೆಯನ್ನು ಕೈಬಿಡಬೇಡಿ.

ಏನೂ ಬರೆಯದೆ ಹೋದರೆ

ಇದೂ ಒಂದು ಆಯ್ಕೆಯೇ. ಬಹಳ ಜನ ಗೊತ್ತಿಲ್ಲದೆ ಆರಿಸಿಕೊಂಡಿರುವುದು ಇದನ್ನೇ. ಹಿಂದೂ ಗಂಡಸೊಬ್ಬ ವಿಲ್ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮಪಾಲು. ತಂದೆ ಈ ಮೊದಲ ಸಾಲಿನಲ್ಲಿ ಇಲ್ಲ.

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡ ನಲವತ್ತರ ಹರೆಯದವನೊಬ್ಬನನ್ನು ಕಲ್ಪಿಸಿಕೊಳ್ಳಿ. ಹೆಂಡತಿ, ಆರು ವರ್ಷದ ಮಗಳು, ಹಾಸನದಲ್ಲಿ ಅಪ್ಪ ಅಮ್ಮ. ಅವನಿಗೆ ಏನಾದರೂ ಆದರೆ ಫ್ಲ್ಯಾಟ್ ಮೂರು ಪಾಲಾಗುತ್ತದೆ: ಹೆಂಡತಿ, ಮಗಳು, ಅಮ್ಮ. ಮುಂದೆ ಹೆಂಡತಿ ಅದನ್ನು ಮಾರಿ ತವರಿನ ಹತ್ತಿರ ಚಿಕ್ಕ ಮನೆ ಕೊಳ್ಳೋಣ ಎಂದರೆ ಅತ್ತೆಯ ಸಹಿ ಬೇಕು. ಮಗಳ ಪಾಲು ಅಪ್ರಾಪ್ತ ವಯಸ್ಸಿನವಳದ್ದು, ಅದನ್ನು ಮಾರಲು ನ್ಯಾಯಾಲಯದ ಅನುಮತಿ ಬೇಕು. ಯಾರೂ ಕೆಟ್ಟವರಲ್ಲದ ಮನೆಯಲ್ಲೂ ಒಂದೆರಡು ವರ್ಷ ಕೋರ್ಟು ಕಚೇರಿ ಸುತ್ತಬೇಕಾಗುತ್ತದೆ. ಎರಡು ಪುಟದ ವಿಲ್ ಇದ್ದಿದ್ದರೆ ಇದಷ್ಟೂ ತಪ್ಪುತ್ತಿತ್ತು. ಹಾಗಾಗಿ ವಿಲ್ ವಯಸ್ಸಾದವರ ಕೆಲಸ ಅನ್ನುವುದು ತಪ್ಪು. ಗೃಹಸಾಲ ತೆಗೆದುಕೊಂಡ ದಿನವೇ ವಿಲ್ ಬರೆಯುವ ವಯಸ್ಸು ಬಂದಾಯಿತು.

"ನಾಮಿನಿ ಹಾಕಿದ್ದೀನಲ್ಲ" ಎಂಬ ಉತ್ತರ ಇಲ್ಲಿ ಸಾಲದು. ನಾಮಿನಿ ಎಂದರೆ ಹಣ ಈಸಿಕೊಳ್ಳುವ ಕೈ. ಅದರ ಒಡೆತನ ವಾರಸುದಾರರದ್ದು. ವಿಮೆಯ ವಿಷಯದಲ್ಲಿ 1983ರಲ್ಲೂ, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲೂ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ಹೆಂಡತಿ, ಗಂಡ, ಮಕ್ಕಳು ಅಥವಾ ತಂದೆತಾಯಿಯನ್ನು ನಾಮಿನಿ ಮಾಡಿದರೆ ಹಣ ಅವರದ್ದೇ ಆಗುತ್ತದೆ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು. ಹಾಕಿ, ಆದರೆ ಅದನ್ನೇ ವಿಲ್ ಎಂದುಕೊಳ್ಳಬೇಡಿ.

ವಿಲ್ ಮತ್ತು ದಾನಪತ್ರ

ನಮ್ಮ ಕಡೆ ವಿಲ್‌ಗೆ ಉಯಿಲು ಎನ್ನುತ್ತಾರೆ, ಪತ್ರ ಬರಹಗಾರರ ಬಾಯಲ್ಲಿ ಮರಣಶಾಸನ. ಹೆಸರು ಕೇಳಿಯೇ ಕೆಲವರು ಮುಂದಕ್ಕೆ ಹಾಕುತ್ತಾರೆ. ಆದರೆ ಇರುವ ಎಲ್ಲ ಪತ್ರಗಳಲ್ಲಿ ಬರೆದವನ ಕೈಯಿಂದ ಏನನ್ನೂ ಕಿತ್ತುಕೊಳ್ಳದ ಪತ್ರ ಇದೊಂದೇ. ನೀವು ಬದುಕಿರುವವರೆಗೆ ಅದು ಬರೀ ಕಾಗದ. ಇವತ್ತು ಬರೆದು ನಾಳೆ ಹರಿಯಬಹುದು, ಮನೆಯನ್ನು ಮಾರಬಹುದು, ಅಡ ಇಡಬಹುದು. ಮುದ್ರಾಂಕ ಶುಲ್ಕ ಇಲ್ಲ. ನೋಂದಣಿ ನಿಮ್ಮಿಷ್ಟ. ಕಾನೂನು ಕೇಳುವುದು ನಿಮ್ಮ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ, ಅಷ್ಟೆ. ಕರ್ನಾಟಕದಲ್ಲಿನ ಆಸ್ತಿಗೆ ಹಿಂದೂಗಳ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ಸಾಚಾ ಎಂದು ಕೋರ್ಟ್ ಕೊಡುವ ಪ್ರಮಾಣಪತ್ರ, ಕಡ್ಡಾಯವಲ್ಲ.

ಇಷ್ಟು ಸುಲಭ ಇರುವುದೇ ಅದರ ದೌರ್ಬಲ್ಯ ಕೂಡ. ವಿಲ್ ಮೇಲೆ ತಕರಾರು ಬರುವುದು ಅದನ್ನು ಬರೆದವರು ಇಲ್ಲವಾದ ಮೇಲೆ. ಆಗ ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು "ನನ್ನ ಮುಂದೆಯೇ ಸಹಿ ಹಾಕಿದರು" ಎನ್ನಬೇಕು. ಎಂಬತ್ತರ ಅಜ್ಜ ತನ್ನ ವಾರಿಗೆಯ ಇಬ್ಬರು ಗೆಳೆಯರಿಂದ ಸಾಕ್ಷಿ ಹಾಕಿಸಿದರೆ ಹತ್ತು ವರ್ಷದ ನಂತರ ಕರೆತರುವುದು ಯಾರನ್ನು? ನಿಮಗಿಂತ ಚಿಕ್ಕವರನ್ನು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಹಿಡಿಯಿರಿ. ನಿಮ್ಮ ಬುದ್ಧಿ ಸ್ಥಿಮಿತದಲ್ಲಿದೆ ಎಂದು ಮನೆ ವೈದ್ಯರಿಂದ ಅದೇ ದಿನಾಂಕದ ಒಂದು ಸರ್ಟಿಫಿಕೇಟ್ ಇರಲಿ. ಮಕ್ಕಳಲ್ಲಿ ಒಬ್ಬರಿಗೆ ಕಡಿಮೆ ಕೊಡುತ್ತಿದ್ದರೆ ಯಾಕೆಂದು ಒಂದು ಸಾಲು ಬರೆಯಿರಿ: "ಇವನ ಓದಿಗೆ, ಮನೆ ಕಟ್ಟಲು ಈಗಾಗಲೇ ಕೊಟ್ಟಿದ್ದೇನೆ." ಆ ಒಂದು ಸಾಲಿಗೆ ಮುಂದೆ ಎಷ್ಟು ಬೆಲೆ ಬರುತ್ತದೆ ಎಂಬುದು ಬರೆಯುವಾಗ ಗೊತ್ತಾಗುವುದಿಲ್ಲ. ಕೊನೆಯಲ್ಲಿ "ಇಲ್ಲಿ ಹೇಳದೆ ಉಳಿದ ನನ್ನ ಎಲ್ಲ ಆಸ್ತಿ ಇಂಥವರಿಗೆ" ಎಂಬ ವಾಕ್ಯ ಮರೆಯಬೇಡಿ. ವಿಲ್ ಬರೆದ ಮೇಲೆ ಕೊಂಡ ಸೈಟು ಯಾರದ್ದೂ ಆಗದೆ ನೇತಾಡುವುದು ಆ ವಾಕ್ಯ ಇಲ್ಲದ್ದಕ್ಕೇ.

ಇನ್ನೊಂದು ಸಾಲಿನ ಬಗ್ಗೆ ಎಚ್ಚರ. "ನನ್ನ ಹೆಂಡತಿ ಜೀವಮಾನ ಪರ್ಯಂತ ಅನುಭವಿಸಿಕೊಂಡು, ತದನಂತರ ಮಕ್ಕಳಿಗೆ ಸೇರತಕ್ಕದ್ದು." ನಮ್ಮ ಅರ್ಧದಷ್ಟು ಉಯಿಲುಗಳಲ್ಲಿ ಇದು ಇದ್ದೇ ಇರುತ್ತದೆ ಅನಿಸುತ್ತದೆ. ಜೀವನಾಂಶದ ಹಕ್ಕಿನ ಬದಲಿಗೆ ಕೊಟ್ಟ ಇಂಥ ಸೀಮಿತ ಹಕ್ಕು ಹೆಂಡತಿಯ ಪೂರ್ಣ ಒಡೆತನವೇ ಆಗಿಬಿಡುತ್ತದೆ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಂದ ಇಲ್ಲಿಯವರೆಗೆ ಆ ಎಳೆ ಹಿಡಿದು ದಾವೆಗಳು ನಡೆಯುತ್ತಲೇ ಇವೆ. ಹೆಂಡತಿಗೆ ಕೊಡುವ ಮನಸ್ಸಿದ್ದರೆ ಪೂರ್ತಿ ಕೊಟ್ಟುಬಿಡಿ, ಆಕೆಯ ವಿಲ್ ಆಕೆ ಬರೆಯಲಿ. ನನ್ನ ಮಟ್ಟಿಗೆ ಇದಕ್ಕಿಂತ ನೆಟ್ಟಗಿನ ದಾರಿ ಇಲ್ಲ.

ದಾನಪತ್ರದ್ದು ಇದರ ತದ್ವಿರುದ್ಧ ಸ್ವಭಾವ. ನೋಂದಣಿ ಕಡ್ಡಾಯ, ಪಡೆಯುವವರು ನಿಮ್ಮ ಜೀವಿತಾವಧಿಯಲ್ಲೇ ಒಪ್ಪಿಕೊಳ್ಳಬೇಕು, ಮತ್ತು ಅಂದಿನಿಂದ ಆಸ್ತಿ ಅವರದ್ದು. ಮನಸ್ಸು ಬದಲಾಯಿತು ಎಂದು ಒಬ್ಬರೇ ಹೋಗಿ ರದ್ದು ಮಾಡಲು ಬರುವುದಿಲ್ಲ. ಹಾಗಿದ್ದೂ ಜನ ಇದಕ್ಕೆ ಮುಗಿಬೀಳುವುದು ಎರಡು ಕಾರಣಕ್ಕೆ. ಮುಂದೆ ಸಾಕ್ಷಿ ಹುಡುಕುವ ತಲೆನೋವಿಲ್ಲ, ಖಾತೆ ಈಗಲೇ ಬದಲಾಗುತ್ತದೆ. ಜೊತೆಗೆ ಕರ್ನಾಟಕದಲ್ಲಿ ಕುಟುಂಬದ ಒಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ ರೂಪಾಯಿಗಳ ನಿಗದಿ ಮೊತ್ತ, ಮನೆ ಎರಡು ಕೋಟಿಯದ್ದಾದರೂ ಅಷ್ಟೇ. ಕುಟುಂಬದ ಹೊರಗಿನವರಿಗಾದರೆ ಮಾರುಕಟ್ಟೆ ಮೌಲ್ಯದ ಮೇಲೆ ಶುಲ್ಕ, ಅದರ ಮೇಲೆ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ.

ದಾನಪತ್ರವೇ ಬೇಕು ಎಂದಾದರೆ ಎರಡು ಷರತ್ತು ಬರೆಸದೆ ಸಹಿ ಹಾಕಬೇಡಿ. ಮೊದಲನೆಯದು, ನೀವೂ ನಿಮ್ಮ ಸಂಗಾತಿಯೂ ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ ಮತ್ತು ಬಾಡಿಗೆ ಪಡೆಯುವ ಹಕ್ಕು. ಇಂಥ ಹಕ್ಕು ಉಳಿಸಿಕೊಂಡ ದಾನವೂ ಊರ್ಜಿತ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಒಪ್ಪಿದೆ. ಎರಡನೆಯದು, ಮಗ ಅಥವಾ ಮಗಳು ನಿಮ್ಮ ಊಟ, ಔಷಧಿ, ಆರೈಕೆ ನೋಡಿಕೊಳ್ಳಬೇಕು ಎಂಬ ಸ್ಪಷ್ಟ ಮಾತು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಈ ಷರತ್ತು ಮುರಿದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಇರಲೇಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪೀಠ ಕಾಯ್ದೆಯನ್ನು ಉದಾರವಾಗಿ ಓದಿ ತಾಯಿಯೊಬ್ಬರಿಗೆ ಆಸ್ತಿ ಮರಳಿಸಿತು. ಯಾವ ಪೀಠ ಹೇಗೆ ಓದೀತು ಎಂದು ನೆಚ್ಚಿಕೊಂಡು ಕೂರುವ ಬದಲು ಷರತ್ತನ್ನೇ ಬರೆಸಿ. "ಅಪ್ಪಾ, ನಮ್ಮ ಮಧ್ಯೆ ಇದೆಲ್ಲ ಯಾಕೆ?" ಎಂದು ಮಗ ಮುಖ ಚಿಕ್ಕದು ಮಾಡಿದರೆ, ಆ ಮುಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪಿತ್ರಾರ್ಜಿತಕ್ಕೆ ಬೇರೆ ದಾರಿ

ಮೇಲಿನದ್ದೆಲ್ಲ ಸ್ವಯಾರ್ಜಿತ ಆಸ್ತಿಯ ಮಾತು. ಅಜ್ಜನ ಕಾಲದ ಅವಿಭಕ್ತ ಜಮೀನನ್ನು ಮನೆಯ ಯಜಮಾನ ತನ್ನಿಷ್ಟದವರಿಗೆ "ಪ್ರೀತಿ ವಿಶ್ವಾಸದಿಂದ" ದಾನ ಮಾಡಲು ಬರುವುದಿಲ್ಲ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಧರ್ಮಕಾರ್ಯದಂಥ ಉದ್ದೇಶಕ್ಕೆ ಮಾತ್ರ ಅದಕ್ಕೆ ಅವಕಾಶ. ನಿಮ್ಮ ಪಾಲನ್ನಷ್ಟೇ ವಿಲ್ ಬರೆಯಬಹುದು. ಬದುಕಿರುವಾಗಲೇ ಇತ್ಯರ್ಥ ಆಗಬೇಕೆಂದರೆ ವಿಭಾಗ ಪತ್ರವೇ ಗತಿ. ಅದಕ್ಕೆ ಹೆಣ್ಣುಮಕ್ಕಳನ್ನೂ ಕೂರಿಸಿಕೊಳ್ಳಿ. ಕರ್ನಾಟಕ 1994ರಲ್ಲೇ ಅವರಿಗೆ ಹುಟ್ಟಿನಿಂದ ಪಾಲು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟಿತು. ಆ ಭೇದವನ್ನು ಕೇಂದ್ರದ 2005ರ ತಿದ್ದುಪಡಿ ತೆಗೆಯಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಪಾಲಿದೆ ಎಂದು 2020ರಲ್ಲಿ ತೀರ್ಪೂ ಬಂತು. "ಅರಿಶಿನ ಕುಂಕುಮಕ್ಕೆ ಕೊಟ್ಟಾಯ್ತು" ಎಂದು ಅಕ್ಕತಂಗಿಯರನ್ನು ಬಿಟ್ಟು ಮಾಡಿದ ಪಾಲುಪಟ್ಟಿಗಳು ಇವತ್ತು ಸಿವಿಲ್ ಕೋರ್ಟುಗಳಲ್ಲಿ ಕೂತಿವೆ.

ಮುಸ್ಲಿಂ ಕುಟುಂಬಗಳ ಲೆಕ್ಕವೇ ಬೇರೆ. ವಾರಸುದಾರರ ಒಪ್ಪಿಗೆಯಿಲ್ಲದೆ ವಿಲ್ ಬರೆಯಬಹುದಾದದ್ದು ಮೂರನೇ ಒಂದು ಪಾಲು ಮಾತ್ರ. ಅದಕ್ಕೇ ಅಲ್ಲಿ ಹಿಬಾ, ಅಂದರೆ ಬದುಕಿರುವಾಗಲೇ ಮಾಡಿ ಸ್ವಾಧೀನ ಕೊಡುವ ದಾನ, ಹೆಚ್ಚು ಬಳಕೆಯಲ್ಲಿದೆ.

ತೆರಿಗೆ ನಿಜವಾಗಿ ಎಲ್ಲಿ ಕಚ್ಚುತ್ತದೆ

ಸಂಬಂಧಿಕರಿಂದ ಬಂದ ದಾನಕ್ಕೆ, ವಿಲ್‌ನಿಂದ ಬಂದ ಆಸ್ತಿಗೆ ಆದಾಯ ತೆರಿಗೆ ಇಲ್ಲ. ಆದರೆ ಆದಾಯ ತೆರಿಗೆಯ "ಸಂಬಂಧಿ" ನಮ್ಮ ಮದುವೆ ಮನೆಯ ಸಂಬಂಧಿಯಲ್ಲ. ಸೋದರಮಾವ ಅಳಿಯನಿಗೆ ಹತ್ತು ಲಕ್ಷ ಕೊಟ್ಟರೆ ತೆರಿಗೆ ಇಲ್ಲ. ಅದೇ ಅಳಿಯ ಮುಂದೊಂದು ದಿನ ಮಾವನಿಗೆ ಹತ್ತು ಲಕ್ಷ ಕೊಟ್ಟರೆ ಮಾವನ ಕೈಯಲ್ಲಿ ಅದು ಆದಾಯ! ತಂದೆತಾಯಿಯ ಒಡಹುಟ್ಟಿದವರು ನಿಮಗೆ ಸಂಬಂಧಿ, ನಿಮ್ಮ ಒಡಹುಟ್ಟಿದವರ ಮಕ್ಕಳು ಅಲ್ಲ. ಚಿಕ್ಕಪ್ಪನ ಮಗ ಎರಡೂ ಕಡೆಯಿಂದ ಹೊರಗೆ. ಇದರ ಮೇಲೆ, ಮುದ್ರಾಂಕ ಕಾಯ್ದೆಯ "ಕುಟುಂಬ" ಇನ್ನೊಂದು ಪಟ್ಟಿ. ಸೋದರಳಿಯ ಅದರಲ್ಲಿಲ್ಲ. ಹಾಗಾಗಿ ಮಾವ ಅವನಿಗೆ ಸೈಟು ದಾನ ಕೊಟ್ಟರೆ ಆದಾಯ ತೆರಿಗೆ ಸೊನ್ನೆ, ಮುದ್ರಾಂಕ ಶುಲ್ಕ ಪೂರ್ತಿ.

ಹೆಂಡತಿಗೆ ಅಥವಾ ಸೊಸೆಗೆ ಕೊಟ್ಟರೆ ಕ್ಲಬ್ಬಿಂಗ್ ಎಂಬುದೊಂದಿದೆ. ಹೆಂಡತಿಯ ಹೆಸರಿನಲ್ಲಿ 40 ಲಕ್ಷ ಠೇವಣಿ ಇಟ್ಟು ಶೇ 7ರ ಬಡ್ಡಿ 2.8 ಲಕ್ಷ ಬಂದರೆ, ಅದು ಗಂಡನ ಆದಾಯಕ್ಕೇ ಸೇರುತ್ತದೆ. ವಯಸ್ಕ ಮಗ, ಮಗಳು ಅಥವಾ ತಂದೆತಾಯಿಗೆ ಕೊಟ್ಟರೆ ಈ ತೊಡಕಿಲ್ಲ.

ಮಾರುವ ಉದ್ದೇಶವಿದ್ದರೆ ಇನ್ನೂ ಒಂದು ಸೂಕ್ಷ್ಮ. ದಾನವಾಗಲಿ ವಿಲ್ ಆಗಲಿ, ಪಡೆದವರು ಮಾರುವಾಗ ಮೊದಲ ಮಾಲೀಕರು ಕೊಂಡ ಬೆಲೆಯೇ ಲೆಕ್ಕಕ್ಕೆ ಬರುತ್ತದೆ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಖರೀದಿ ಬೆಲೆಯನ್ನು ಏರಿಸಿಕೊಳ್ಳುವುದು) ಇಲ್ಲದೆ ಶೇ 12.5 ತೆರಿಗೆ. ಆ ದಿನಕ್ಕೆ ಮೊದಲು ಕೊಂಡ ಜಾಗ, ಮನೆಗಳಿಗೆ ಇಂಡೆಕ್ಸೇಶನ್ ಹಿಡಿದು ಶೇ 20ರ ಹಳೆಯ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಆದರೆ ಈ ಆಯ್ಕೆ ಭಾರತದ ನಿವಾಸಿಗಳಿಗೆ ಮಾತ್ರ.

ಒಂದು ಲೆಕ್ಕ ನೋಡಿ. ಮೈಸೂರಿನ ಅಪ್ಪ 2012-13ರಲ್ಲಿ 60 ಲಕ್ಷಕ್ಕೆ ಕೊಂಡ ಫ್ಲ್ಯಾಟ್‌ಗೆ 2025-26ರಲ್ಲಿ 1.10 ಕೋಟಿ ಬರುತ್ತದೆ. ಸೂಚ್ಯಂಕ 200ರಿಂದ 376ಕ್ಕೆ ಏರಿದೆ, ಹಾಗಾಗಿ ಅವರ ಖರೀದಿ ಬೆಲೆ 1.128 ಕೋಟಿ ಎಂದು ಲೆಕ್ಕ. ಅಪ್ಪನೇ ಮಾರಿದರೆ ತೆರಿಗೆ ಸೊನ್ನೆ. ಅದೇ ಫ್ಲ್ಯಾಟನ್ನು ಮೊದಲು ಅಮೆರಿಕದ ಮಗನಿಗೆ ದಾನ ಮಾಡಿ, ಮಗ ಮಾರಿದರೆ 50 ಲಕ್ಷದ ಮೇಲೆ ಶೇ 12.5, ಅಂದರೆ 6.25 ಲಕ್ಷ, ಜೊತೆಗೆ ಸೆಸ್. ಅಷ್ಟೇ ಸಾಲದೆಂದು, ಅನಿವಾಸಿಯಿಂದ ಕೊಳ್ಳುವವರು ದೊಡ್ಡ ಮೊತ್ತದ ಟಿಡಿಎಸ್ ಹಿಡಿಯಬೇಕು. ಅಪ್ಪ ಮಾರಿ, ಹಣವನ್ನು ಮಗನಿಗೆ ಕೊಡುವುದೇ ವಾಸಿ. ಇದೇ ಅಪ್ಪ 1990ರ ದಶಕದಲ್ಲಿ ಲಕ್ಷ ರೂಪಾಯಿಗೆ ಕೊಂಡ ಸೈಟಾಗಿದ್ದರೆ ಶೇ 12.5ರ ಲೆಕ್ಕವೇ ಕಡಿಮೆಯಾಗಿ, ಈ ವ್ಯತ್ಯಾಸ ಬರುತ್ತಲೇ ಇರಲಿಲ್ಲ. ಆಡಿಟರ್ ಬಳಿ ಹೋಗುವಾಗ ಕೊಂಡ ವರ್ಷದ ಕ್ರಯಪತ್ರ ಜೊತೆಗಿರಲಿ ಎನ್ನುವುದು ಇದಕ್ಕೇ.

ಟ್ರಸ್ಟ್ ಯಾರಿಗೆ ಬೇಕು

ಹೆಚ್ಚಿನವರಿಗೆ ಬೇಡ. ಖಾಸಗಿ ಟ್ರಸ್ಟ್ ಎಂದರೆ ನೀವು ಹೆಸರಿಸಿದ ಫಲಾನುಭವಿಗಳಿಗಾಗಿ ನೋಡಿಕೊಳ್ಳಲು ಆಸ್ತಿಯನ್ನು ಟ್ರಸ್ಟಿಗಳ ಕೈಗೆ ಒಪ್ಪಿಸುವುದು. ಮಾಡಿದರೆ ಅದಕ್ಕೊಂದು ಪ್ಯಾನ್, ಬ್ಯಾಂಕ್ ಖಾತೆ, ವರ್ಷವರ್ಷವೂ ರಿಟರ್ನ್. ಸ್ಥಿರಾಸ್ತಿ ಸೇರಿಸುವುದಾದರೆ ನೋಂದಣಿ ಬೇಕು. ಅದರ ಮುದ್ರಾಂಕ ಶುಲ್ಕ ಕುಟುಂಬದ ದಾನಪತ್ರದ ಹಾಗೆ ಕೆಲವು ಸಾವಿರದಲ್ಲಿ ಮುಗಿಯುತ್ತದೆಂದು ನಂಬಿ ಹೊರಡಬೇಡಿ, ಮೊದಲೇ ವಿಚಾರಿಸಿ. ಯಾರಿಗೆ ಎಷ್ಟು ಎಂದು ಬರೆದ ಟ್ರಸ್ಟ್‌ನಲ್ಲಿ ಆಯಾ ಫಲಾನುಭವಿಯ ದರದಲ್ಲೇ ತೆರಿಗೆ. "ಟ್ರಸ್ಟಿಗಳು ತಮ್ಮ ವಿವೇಚನೆಯಂತೆ ಹಂಚಲಿ" ಎಂದು ಬಿಟ್ಟ ಟ್ರಸ್ಟ್‌ನಲ್ಲಿ ಸಾಮಾನ್ಯವಾಗಿ ಗರಿಷ್ಠ ದರ. ಬೇಕೆಂದಾಗ ವಾಪಸ್ ಪಡೆಯುವಂತೆ ಮಾಡಿಕೊಂಡರೆ ಆದಾಯ ನಿಮ್ಮದೇ ಎಂದು ಲೆಕ್ಕ. ವಾಪಸ್ ಬರದಂತೆ ಮಾಡಿದರೆ ದಾನಪತ್ರದಷ್ಟೇ ಗಟ್ಟಿಯಾಗಿ ಕೈಬಿಟ್ಟಂತೆ. ತೆರಿಗೆ ಉಳಿಸಲು ಟ್ರಸ್ಟ್ ಮಾಡುವವರು ಈ ನಾಲ್ಕು ವಾಕ್ಯವನ್ನು ಇನ್ನೊಮ್ಮೆ ಓದಲಿ.

ಆದರೆ ಒಂದು ಬಗೆಯ ಮನೆಗೆ ಟ್ರಸ್ಟ್‌ಗಿಂತ ಒಳ್ಳೆಯದು ಇಲ್ಲ: ಸ್ವಂತ ಬಲದಲ್ಲಿ ಹಣ ನಿಭಾಯಿಸಲಾಗದ ಮಗುವಿರುವ ಮನೆಗೆ. ಆಟಿಸಂ ಇರುವ ಮಗನಿಗೆ 18 ತುಂಬಿದ ದಿನ ಕಾನೂನಿನ ಕಣ್ಣಲ್ಲಿ ಅವನು ವಯಸ್ಕ, ಅಪ್ಪ ಅಮ್ಮ ಅವನ ಸಹಜ ಪಾಲಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವ ಪಡೆಯಬೇಕು. ಪಾಲಕರು ಮಗುವನ್ನು ನೋಡಿಕೊಳ್ಳುತ್ತಾರೆ, ಟ್ರಸ್ಟ್ ಹಣವನ್ನು. ಎರಡೂ ಒಬ್ಬರ ಕೈಯಲ್ಲೇ ಬೇಡ. ಅಕ್ಕ ಟ್ರಸ್ಟಿಯಾದರೆ ಜೊತೆಗೆ ಮನೆಯ ಹೊರಗಿನ ಒಬ್ಬರಿರಲಿ. ಟ್ರಸ್ಟಿ ತೀರಿಕೊಂಡರೆ ಮುಂದೆ ಯಾರು, ಕೆಲಸ ಮಾಡದವರನ್ನು ತೆಗೆಯುವುದು ಹೇಗೆ, ಮಗನ ಕಾಲಾನಂತರ ಉಳಿದದ್ದು ಯಾರಿಗೆ, ಇಷ್ಟು ಪತ್ರದಲ್ಲಿರಬೇಕು. ಮತ್ತು ಅವನಿಗೆ ಯಾವ ತಿಂಡಿ ಆಗುವುದಿಲ್ಲ, ಯಾವ ಸದ್ದಿಗೆ ಹೆದರುತ್ತಾನೆ, ರಾತ್ರಿ ದೀಪ ಬೇಕೋ ಬೇಡವೋ ಎಂದು ಅಮ್ಮನ ಕೈಬರಹದ ಒಂದು ಹಾಳೆ ಅದರ ಜೊತೆಗಿರಲಿ. ವಕೀಲರಿಗೆ ಬರೆಯಲಾಗದ ಭಾಗ ಅದು.

ಈಗಲೇ ಟ್ರಸ್ಟ್ ನಡೆಸುವ ತ್ರಾಣವಿಲ್ಲದವರು ವಿಲ್‌ನಲ್ಲೇ ಟ್ರಸ್ಟ್ ಬರೆದಿಡಬಹುದು, ನಿಮ್ಮ ನಂತರ ಜೀವ ಪಡೆಯುವ ಹಾಗೆ. ಅವಲಂಬಿತ ಸಂಬಂಧಿಗಾಗಿ ವಿಲ್‌ನಲ್ಲಿ ಮಾಡಿದ ಒಂದೇ ಒಂದು ಟ್ರಸ್ಟ್‌ಗೆ ಗರಿಷ್ಠ ದರದಿಂದ ವಿನಾಯಿತಿಯೂ ಇದೆ. ವ್ಯಾಪಾರಸ್ಥರು ಮರೆಯುವ ಇನ್ನೊಂದು ಪುಟ್ಟ ಟ್ರಸ್ಟ್ ಉಂಟು: 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ತೆಗೆದುಕೊಂಡ ಜೀವವಿಮೆ. ಪಾಲಿಸಿ ಮಾಡಿಸುವಾಗಲೇ ಒಂದು ಫಾರಂ ಹೆಚ್ಚು ತುಂಬಿದರೆ, ಆ ಹಣ ಹೆಂಡತಿ ಮಕ್ಕಳದ್ದು, ಗಂಡನ ಸಾಲಗಾರರು ಮುಟ್ಟುವಂತಿಲ್ಲ.

ಮಕ್ಕಳು ಹೊರದೇಶದಲ್ಲಿದ್ದರೆ

ಇಲ್ಲಿ ದಾನ ಮತ್ತು ವಿಲ್ ನಡುವಿನ ಆಯ್ಕೆಯನ್ನು ಕಾನೂನೇ ಮಾಡಿಬಿಟ್ಟಿದೆ. ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮದ ಪ್ರಕಾರ ಅನಿವಾಸಿ ಭಾರತೀಯರು ಮತ್ತು ಒಸಿಐ ಕಾರ್ಡಿನವರು (ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರು) ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ವಾರಸಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಚಿಕ್ಕಮಗಳೂರಿನ ಕಾಫಿ ತೋಟವನ್ನು ಡಲ್ಲಾಸ್‌ನ ಮಗಳಿಗೆ ಕೊಡಬೇಕೆಂದರೆ ದಾರಿ ವಿಲ್ ಒಂದೇ. ಮುಂದೆ ಅವಳು ಮಾರಿದರೆ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳು ಇಲ್ಲಿನ ಹಣ ಇಡುವ ಬ್ಯಾಂಕ್ ಖಾತೆ) ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಂಡೊಯ್ಯಬಹುದು. ಅಮೆರಿಕದ ತೆರಿಗೆ ನಿವಾಸಿಯಾಗಿದ್ದರೆ, ವರ್ಷದಲ್ಲಿ ಹೊರದೇಶದವರಿಂದ 1 ಲಕ್ಷ ಡಾಲರ್ ಮೀರಿ ಬಂದ ದಾನ ಅಥವಾ ವಾರಸನ್ನು ಅವಳು ಅಲ್ಲಿ ಫಾರಂ 3520ರಲ್ಲಿ ತೋರಿಸಬೇಕು. ತೆರಿಗೆ ಇಲ್ಲ, ತೋರಿಸದಿದ್ದರೆ ದಂಡ ಮಾತ್ರ ಜೋರು. ಅವಳನ್ನು ಇಲ್ಲಿನ ಟ್ರಸ್ಟ್‌ನ ಫಲಾನುಭವಿ ಮಾಡಿದರೆ ಅಮೆರಿಕದ ಕಣ್ಣಲ್ಲಿ ಅದು ವಿದೇಶಿ ಟ್ರಸ್ಟ್, ವರದಿಗಳ ರಗಳೆ ಇನ್ನೂ ಹೆಚ್ಚು. ಅಲ್ಲಿನ ಸಿಪಿಎ, ಅಂದರೆ ಆಡಿಟರನ್ನು ಕೇಳದೆ ಆ ಹೆಸರು ಸೇರಿಸಬೇಡಿ.

ವಿಲ್ ಬರೆದಾಯಿತು ಎಂದುಕೊಳ್ಳಿ. ಜನ ಅದನ್ನು ಇಡುವುದು ತಮ್ಮೊಬ್ಬರ ಹೆಸರಿನ ಬ್ಯಾಂಕ್ ಲಾಕರ್‌ನಲ್ಲಿ. ನಾಮಿನಿ ಇಲ್ಲದ ಆ ಲಾಕರ್ ತೆರೆಯಲು ವಾರಸುದಾರರು ಯಾರೆಂದು ಬ್ಯಾಂಕ್ ಕೇಳುತ್ತದೆ, ವಾರಸುದಾರರು ಯಾರೆಂದು ಬರೆದ ಕಾಗದ ಲಾಕರ್ ಒಳಗಿರುತ್ತದೆ. ಲಾಕರ್‌ಗೂ ನಾಮಿನಿ ಹಾಕಿ. ಇಲ್ಲವೇ ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡಿ, 1908ರ ನೋಂದಣಿ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ನನ್ನದು ಮನೆಯ ಬೀರುವಿನಲ್ಲಿ, ಪಹಣಿ ಮತ್ತು ಖಾತೆಯ ಜೆರಾಕ್ಸ್‌ಗಳ ಫೈಲ್‌ನಲ್ಲೇ ಇದೆ. ಎಲ್ಲಿದೆ ಎಂದು ಹೆಂಡತಿಗೂ ಗೊತ್ತು, ಸಾಕ್ಷಿ ಹಾಕಿದ ಇಬ್ಬರಿಗೂ ಗೊತ್ತು.